ಭೀಮನಿಗೆ ಕೋಟು ತೊಡಿಸಿದ ಮೇಡಂ

ನೀಲಾ, ಗೌರಿ,

ಹೋದ ವಾರ ನೀವಿಬ್ಬರೂ ಹುಮನಾಬಾದಿನಿಂದ ಫೋನ್ ಮಾಡಿದ್ದಿರಿ. ಬೇಸಿಗೆ ಶಿಬಿರ ನಡೆಸುತ್ತಿದ್ದ ಮೇಡಂ ನೆನಪಿಗೆ ಒಂದು ಪುಸ್ತಕ ಬರುತ್ತಿದೆಯಂತೆ. ಅವರ ಹತ್ತಿರ ಕಲಿತ ಮಕ್ಕಳು, ಮಕ್ಕಳ ಮನೆಯವರು ಎಲ್ಲರೂ ಬರೆಯುತ್ತಿದ್ದಾರಂತೆ. ‘ಆಯಿ, ನೀನೂ ನಾಕು ಒಳ್ಳೆ ಮಾತು ಬರದು ಕೊಡು’ ಎಂದಿರಿ. ಸತ್ತವರ ವಿಷಯದಲ್ಲಿ ಒಳ್ಳೆಯದನ್ನೇ ಆಡಬೇಕೆಂದು ನಿಮ್ಮ ಅವ್ವ ಹಿಂದಿನಿಂದ ಹೇಳಿದ್ದೂ ಕೇಳಿಸಿತು. ನಾನು ಹೂಂ ಎಂದೆ. ಫೋನಿನಲ್ಲಿ ನನಗೆ ಹೂಂ ಬಿಟ್ಟು ಬೇರೆ ಮಾತು ಬರುವುದಿಲ್ಲ, ನಿಮಗೆ ಗೊತ್ತೇ ಇದೆ.

ಆಮೇಲೆ ನಾಲ್ಕು ದಿನ ಕೂತು ಹುಡುಕಿದೆ. ಒಂದೂವರೆ ಒಳ್ಳೆಯ ಮಾತು ಸಿಕ್ಕಿತು. ಒಂದು, ಆಕೆಯ ಕೈ ನಡುಗುತ್ತಿರಲಿಲ್ಲ. ಕೂದಲಿನಷ್ಟು ತೆಳುವಾದ ಗೆರೆಯನ್ನು ಉಬ್ಬುತಗ್ಗಿನ ಕಲ್ಲಿನ ಮೇಲೆ ಒಂದೇ ಉಸಿರಿಗೆ ಎಳೆಯುತ್ತಿದ್ದಳು. ಇನ್ನರ್ಧ, ನಿಮ್ಮ ಕೈಗೆ ಮೊದಲ ಸಲ ಕುಂಚ ಕೊಟ್ಟವಳು ಆಕೆ. ಕೊಟ್ಟ ಮೇಲೆ ತಾನೇ ಕಸಿದುಕೊಂಡು ಬರೆಯುತ್ತಿದ್ದಳು, ಅದಕ್ಕೆ ಅರ್ಧ.

ಪುಸ್ತಕಕ್ಕೆ ಇಷ್ಟು ಸಾಲದು. ಉಳಿದದ್ದನ್ನು ಈ ನೋಟ್‌ಬುಕ್ಕಿನಲ್ಲಿ ನಿಮಗಾಗಿ ಬರೆಯುತ್ತಿದ್ದೇನೆ. ಆಕೆಯ ಹೆಸರು ಬರೆಯುವುದಿಲ್ಲ. ಆಕೆಯ ಸೊಸೆ ಒಳ್ಳೆಯ ಹೆಣ್ಣುಮಗಳು, ನನ್ನನ್ನು ಕಂಡರೆ ಈಗಲೂ ಕುರ್ಚಿ ಹಾಕುತ್ತಾಳೆ.

ಮೂರು ವರ್ಷದ ಹಿಂದಿನ ಬೇಸಿಗೆ. ನಿಮ್ಮ ಮುತ್ಯಾ, ನಮ್ಮ ಯಜಮಾನರು, ತೀರಿಕೊಂಡು ಎರಡು ವರ್ಷವಾಗಿತ್ತು. ನಾನು ಬಸವಕಲ್ಯಾಣದಲ್ಲಿ ಮಗನ ಹತ್ತಿರ, ನಿಮ್ಮ ಮಾಮನ ಮನೆಯಲ್ಲಿದ್ದೆ. ನಿಮ್ಮ ಅವ್ವನಿಗೆ ಆಸ್ಪತ್ರೆಯ ಕೆಲಸ ಬಿಡಲಾಗದು, ಶಾಲೆಗೆ ರಜೆ ಬಿದ್ದಿದೆ, ನಿಮ್ಮನ್ನು ನೋಡಿಕೊಳ್ಳಲು ಜನ ಬೇಕು ಎಂದು ನನ್ನನ್ನು ಹುಮನಾಬಾದಿಗೆ ಕರೆಸಿಕೊಂಡಳು. ಓಣಿಯ ಕೊನೆಗೆ ಮೇಡಂ ಮನೆ. ದೊಡ್ಡ ಕಿರಾಣಿ ವ್ಯಾಪಾರಿಯ ಮನೆಯ ಸೊಸೆಯಾಗಿ ಬಂದು, ಗಂಡ ಹೋದ ಮೇಲೆ ಅಂಗಡಿಯನ್ನು ಮಗನಿಗೆ ಬಿಟ್ಟು, ಪೋರ್ಚಿನಲ್ಲಿ ಬೇಸಿಗೆ ಶಿಬಿರ ಹೂಡಿದ್ದಳು. ಪುಣೆಯಲ್ಲಿ ಚಿತ್ರಕಲೆ ಕಲಿತಿದ್ದೇನೆ ಎಂದು ದಿನಕ್ಕೆ ಎರಡು ಸಲ ಹೇಳುವಳು. ಎಷ್ಟು ದಿನ ಕಲಿತಿರಿ ಎಂದು ಯಾರೂ ಕೇಳಲಿಲ್ಲ.

ನಿಮ್ಮನ್ನು ಬಿಟ್ಟು ಬರಲು ಹೋದವಳು ನಾನು. ಮೊದಲ ದಿನವೇ ಆಕೆ ‘ಅಜ್ಜಿ, ನೀವೂ ಇಲ್ಲೇ ಕೂಡ್ರಿ, ಮನ್ಯಾಗ ಹೋಗಿ ಏನ್ ಮಾಡ್ತೀರಿ’ ಎಂದಳು. ನನಗೂ ಆಕೆಗೂ ಮೂರೋ ನಾಲ್ಕೋ ವರ್ಷದ ಅಂತರವಿದ್ದೀತು. ಆದರೂ ಎರಡು ತಿಂಗಳು ನಾನು ಆಕೆಗೆ ಅಜ್ಜಿ. ಅಂಚಿಗೆ ಆನೆಸಾಲು ಅಚ್ಚುಹಾಕಿದ, ಗಂಜಿ ಹಾಕಿದ ಸೀರೆ ಉಟ್ಟು, ಮೂಗಿನ ತುದಿಗೆ ಕನ್ನಡಕ ಇಟ್ಟು, ಬೆತ್ತದ ಕುರ್ಚಿಯಲ್ಲಿ ಫ್ಯಾನಿನ ಕೆಳಗೆ ಆಕೆ. ಮೆಟ್ಟಿಲ ಪಕ್ಕ ನೀರಿನ ಬಕೆಟ್ಟಿನ ಎದುರು ನಾನು. ಮಕ್ಕಳು ತಂದ ಕಲ್ಲನ್ನು ಬ್ರಶ್ಶಿನಿಂದ ತಿಕ್ಕಿ, ಸಾಬೂನು ಹೋಗುವಂತೆ ತೊಳೆದು, ಬಿಸಿಲಿಗೆ ಇಡುವುದು ಯಾರೂ ಹೇಳದೆಯೇ ನನ್ನ ಕೆಲಸವಾಯಿತು.

ಆಕೆಯದೊಂದು ಮಾತಿತ್ತು, ನಿಮಗೆ ಬಾಯಿಪಾಠ ಆಗಿದೆ: ‘ಪ್ರತಿ ಕಲ್ಲಿನೊಳಗ ಒಂದು ಪ್ರಾಣಿ ಮಲಗೇದ ಮಕ್ಕಳ, ನಾವು ಅದನ್ನ ಎಬ್ಬಸೋರು.’ ಮೊದಲ ದಿನ ಕೇಳಿದಾಗ ನನಗೆ ಮೈ ಜುಮ್ಮೆಂದಿತ್ತು. ಹೌದಲ್ಲ, ಉದ್ದ ಕಲ್ಲು ಮಲಗಿದ ಆಡಿನ ಹಾಗಿರುತ್ತದೆ, ಗುಂಡು ಕಲ್ಲು ಮುದುಡಿ ಕೂತ ನಾಯಿಮರಿಯ ಹಾಗೆ ಎಂದುಕೊಂಡೆ. ಎರಡನೆಯ ದಿನ ತಿಳಿಯಿತು, ಆಕೆಯ ಲೆಕ್ಕದಲ್ಲಿ ಹುಮನಾಬಾದಿನ ಎಲ್ಲ ಕಲ್ಲುಗಳೊಳಗೂ ಮಲಗಿರುವುದು ಐದೇ ಪ್ರಾಣಿ. ಆಮೆ, ಗೂಬೆ, ಬೆಕ್ಕು, ಮೀನು, ಪೆಂಗ್ವಿನ್. ರಟ್ಟಿನಲ್ಲಿ ಕತ್ತರಿಸಿದ ಐದು ಅಚ್ಚು ಆಕೆಯ ಚೀಲದಲ್ಲಿದ್ದವು. ಕಲ್ಲು ಹೇಗಿದ್ದರೇನು, ಮೇಲೆ ಅಚ್ಚಿಟ್ಟು ಪೆನ್ಸಿಲಿನಿಂದ ಸುತ್ತ ಗೆರೆ. ಹಳ್ಳಿಖೇಡದ ಕಡೆಯ ಒಬ್ಬ ಹುಡುಗಿ ಎಮ್ಮೆ ಬರೆಯುತ್ತೇನೆ ಎಂದಾಗ, ಎಮ್ಮೆ ಚಂದ ಕಾಣುವುದಿಲ್ಲ ಎಂದಳು. ಆ ಮಗು ಮನೆಯಲ್ಲಿ ದಿನವೂ ಎಮ್ಮೆಯ ಹಾಲು ಕುಡಿದು ಬರುತ್ತಿತ್ತು. ಪೆಂಗ್ವಿನ್ ಎಂದರೆ ಹಕ್ಕಿಯೋ ಮೀನೋ ಎಂದು ಅದು ನನ್ನನ್ನು ಕೇಳಿತು. ನನಗೂ ಗೊತ್ತಿರಲಿಲ್ಲ.

ಯಾರ ಮಾತನ್ನೂ ಕೊನೆಯವರೆಗೆ ಕೇಳುವ ಅಭ್ಯಾಸ ಆಕೆಗಿರಲಿಲ್ಲ. ಅರ್ಧಕ್ಕೆ ಅಂಗೈ ಎತ್ತಿ, ಉಳಿದರ್ಧ ತಾನೇ ಆಡಿ, ಉತ್ತರವನ್ನೂ ತಾನೇ ಕೊಟ್ಟುಬಿಡುವಳು. ಒಬ್ಬ ತಾಯಿ ಬಂದು ‘ಮೇಡಂ, ನಮ್ಮ ಹುಡುಗಗ ಈ ಬಣ್ಣ–’ ಎನ್ನುವಷ್ಟರಲ್ಲಿ, ‘ಕಮ್ಮಿ ಬಿದ್ದಾವ, ಹೌದಲ್ಲ? ನಾಳಿಂದ ಜಾಸ್ತಿ ಕೊಡ್ತೀನಿ, ಹೋಗಿ ಬರ್ರಿ’ ಎಂದು ಕಳಿಸಿದಳು. ಬಣ್ಣದಿಂದ ಹುಡುಗನ ಕೈಗೆ ಕಜ್ಜಿ ಎದ್ದಿದೆ ಎಂದು ಹೇಳಲು ಬಂದಿದ್ದಳು ಆ ತಾಯಿ. ಹುಡುಗ ಮರುದಿನ ಕೆರೆದುಕೊಳ್ಳುತ್ತಲೇ ಬಂದ, ಎರಡು ಪಟ್ಟು ಬಣ್ಣ ಸಿಕ್ಕಿತು.

ಕುಂಚ ಒರೆಸಲು ಆಕೆಗೆ ಅರಿವೆ ಬೇಕಿರಲಿಲ್ಲ. ಪಕ್ಕದಲ್ಲಿ ಕೂತ ಮಗುವಿನ ತೋಳು ಸಾಕು. ಗೌರಿ, ನಿನ್ನ ಹಳದಿ ಫ್ರಾಕಿನ ತೋಳಿನ ಮೇಲಿರುವ ನೀಲಿ ಕಲೆ ಮೀನು ಬರೆದ ದಿನದ್ದು. ನಾಲ್ಕು ಸಲ ಒಗೆದೆ, ಹೋಗಲಿಲ್ಲ.

ಮೊದಲ ವಾರ ಮಕ್ಕಳು ತಂದದ್ದೆಲ್ಲ ಕೆಂಪು ಕಲ್ಲು. ನಮ್ಮ ಕಡೆಯ ಕೆಂಪು ಕಲ್ಲಿಗೆ ಮೈತುಂಬ ತೂತು, ಎಷ್ಟು ಬಣ್ಣ ಹಚ್ಚಿದರೂ ಕುಡಿದುಬಿಡುತ್ತದೆ. ಮೇಡಂ ಬಣ್ಣದ ಕಂಪನಿಯನ್ನು ಬೈದಳು, ಮಕ್ಕಳನ್ನು ಬೈದಳು, ಬಿಸಿಲನ್ನು ಬೈದಳು. ನಾನು ಹೊಲದಲ್ಲಿ ಬೆಳೆದವಳು, ಕಲ್ಲಿನ ಗುಣ ಗೊತ್ತು. ಆಕೆಗೆ ಹೇಳುವ ಧೈರ್ಯ ಬರಲಿಲ್ಲ. ಮನೆಗೆ ಹೋಗುವ ದಾರಿಯಲ್ಲಿ, ಹಳ್ಳದ ದಂಡೆಯ ನುಣ್ಣನೆಯ ಕರಿಕಲ್ಲು ತರಬೇಕು, ಮೊದಲು ಬಿಳಿ ಬಣ್ಣ ಹಚ್ಚಿ ಒಣಗಿಸಬೇಕು ಎಂದು ನಿಮ್ಮಿಬ್ಬರಿಗೆ ಹೇಳಿದೆ, ನೀವು ಉಳಿದ ಮಕ್ಕಳಿಗೆ ಹೇಳಿದಿರಿ. ಒಂದೇ ವಾರದಲ್ಲಿ ಆಮೆಗಳು ಮಿಂಚತೊಡಗಿದವು. ಮೇಡಂ ತಾಯಂದಿರನ್ನು ಕೂಡಿಸಿ, ಯಾವ ಕಲ್ಲು ಬಣ್ಣ ಹಿಡಿಯುತ್ತದೆ ಎಂದು ತಾನು ಸಂಶೋಧನೆ ಮಾಡಿದ್ದನ್ನು ಅರ್ಧ ತಾಸು ವಿವರಿಸಿದಳು. ಅವತ್ತು ನಾನು ಮೂವತ್ತು ಕಲ್ಲು ತೊಳೆದೆ.

ನೀಲಾ, ನಿನ್ನ ಆಡಿನ ಕತೆ ನಿನಗೆ ನೆನಪಿದೆ. ಆದರೂ ಬರೆಯುತ್ತೇನೆ, ಯಾಕೆಂದರೆ ಆಮೇಲೆ ನೀನು ಅದರ ಮಾತೇ ಎತ್ತಲಿಲ್ಲ. ಉದ್ದನೆಯ ಕಂದು ಕಲ್ಲೊಂದು ನಿನಗೆ ಸಿಕ್ಕಿತ್ತು. ಅಚ್ಚು ಬೇಡ ಎಂದು ನೀನು ಸುಮ್ಮನೆ ಮೂಲೆಗೆ ಹೋಗಿ, ಮುಂಗಾಲು ಮಡಚಿ ಮೆಲುಕು ಹಾಕುವ ಆಡು ಬರೆದೆ. ಕಣ್ಣು ಹೇಗೆ ಎಂದು ನನ್ನನ್ನು ಕೇಳಿದೆ. ಆಡಿನ ಕಣ್ಣಿನ ಕರಿಗುಡ್ಡೆ ನಮ್ಮ ಹಾಗೆ ಗುಂಡಗಿರುವುದಿಲ್ಲ ಮಗಾ, ಹುಂಡಿಯ ಬಾಯಿಯ ಹಾಗೆ ಅಡ್ಡ ಸೀಳು ಇರುತ್ತದೆ ಎಂದೆ. ನೀನು ಹಾಗೆಯೇ ಬರೆದೆ. ಆ ಕಲ್ಲು ನನ್ನನ್ನು ನೋಡುತ್ತಿದೆ ಅನ್ನಿಸಿತು. ನಮ್ಮ ತವರಿನಲ್ಲಿ ಅಂಥ ಕಣ್ಣಿನ ನಲವತ್ತು ಆಡುಗಳ ನಡುವೆ ಬೆಳೆದವಳು ನಾನು.

ಮೇಡಂ ಬಂದಳು. ‘ಇದೇನು, ನಿದ್ದಿ ಬಂದಂಗ ಅದಲ್ಲ? ಕಣ್ಣು ಗುಂಡಗಿರಬೇಕು, ಮುದ್ದಾಗಿರಬೇಕು’ ಎಂದವಳೇ ಕುಂಚ ಕಸಿದು, ಆ ಸೀಳಿನ ಮೇಲೆ ಕಪ್ಪು ಗುಂಡು ಇಟ್ಟು, ಗುಂಡಿನ ಮೇಲೆ ಕಡ್ಡಿಯ ತುದಿಯಿಂದ ಬಿಳಿ ಚುಕ್ಕೆ ಇಟ್ಟಳು. ಆಮೆಗೂ ಗೂಬೆಗೂ ಮೀನಿಗೂ ಆಕೆ ಇಡುತ್ತಿದ್ದ ಅದೇ ಕಣ್ಣು. ಆಡು ಬೆಕ್ಕಾಯಿತು. ನೀನು ಗೋಡೆಯ ಹಿಂದೆ ಹೋಗಿ ಉಗುರಿನಿಂದ ಕೆರೆಯುತ್ತಿದ್ದುದನ್ನು ನಾನು ನೋಡಿದೆ.

ಇನ್ನೊಂದು ಸಣ್ಣ ಸಂಗತಿ. ಗೌರಿ ಒಮ್ಮೆ ಆಮೆಯನ್ನು ಹೊರಳಿಸಿ ಹೊಟ್ಟೆಗೂ ಬಣ್ಣ ಹಚ್ಚುತ್ತಿದ್ದಳು. ಮೇಡಂ ತಡೆದು, ‘ತಳಕ್ಕ ಬಣ್ಣ ಯಾಕ ಹಾಳು ಮಾಡ್ತಿ? ಅದನ್ನ ಯಾರು ನೋಡ್ತಾರ’ ಎಂದಳು. ಆಮೆಗೆ ಹೊಟ್ಟೆ ಇರುವುದಿಲ್ಲವೇ ಎಂದು ಗೌರಿ ಮನೆಗೆ ಬಂದು ನನ್ನನ್ನು ಕೇಳಿದಳು. ಈ ಮಾತನ್ನು ನೆನಪಿಟ್ಟುಕೊಳ್ಳಿ.

ಶಿಬಿರದ ಕೊನೆಗೆ ಬಸವಕಲ್ಯಾಣದಲ್ಲಿ ಪ್ರದರ್ಶನ ಎಂದು ಆಯಿತು. ನಡುವೆ ಇಡಲು ದೊಡ್ಡ ಕಲ್ಲು ಬೇಕು, ಐದು ಪ್ರಾಣಿಗೆ ಐದು ಎಂದು ಆಕೆಯ ಹಟ. ಕೊಹಿನೂರಿನ ಹತ್ತಿರ ನಮ್ಮ ಹೊಲ ಇದೆ, ಪಕ್ಕದಲ್ಲೇ ಹಳ್ಳ ಇದೆ ಎಂದು ನೀವೇ ಹೇಳಿದಿರಿ. ಒಂದು ಟೆಂಪೋ ಮಾಡಿಕೊಂಡು ಮಕ್ಕಳನ್ನೆಲ್ಲ ತುಂಬಿಕೊಂಡು ಹೋದೆವು. ನಿಮ್ಮ ಮಾಮ ಅವತ್ತು ಬೀಜ ತರಲು ಹೋಗಿದ್ದ, ಹೊಲದಲ್ಲಿ ಇರಲಿಲ್ಲ. ನಾನು ಎಲ್ಲರಿಗೂ ರೊಟ್ಟಿ ಕಟ್ಟಿಕೊಂಡಿದ್ದೆ.

ಹೊಲದ ಬೇವಿನ ಗಿಡದ ಬುಡಕ್ಕೆ ನಮ್ಮ ಪಾಂಡವರಿದ್ದರು. ಎಳ್ಳಮಾವಾಸ್ಯೆಗೆ ನಮ್ಮ ಕಡೆ ಹೊಲದಲ್ಲಿ ಜೋಳದ ಕಣಿಕೆಯಿಂದ ಸಣ್ಣ ಗುಡಿಸಲಿನಂಥ ಕೊಂಪಿ ಕಟ್ಟಿ, ಅದರೊಳಗೆ ಐದು ಕಲ್ಲಿಗೆ ಸುಣ್ಣ ಹಚ್ಚಿ ಪಾಂಡವರೆಂದು ಪೂಜಿಸಿ, ಹೊಲಕ್ಕೆಲ್ಲ ಎಡೆಯ ಚರಗ ಚೆಲ್ಲಿ ಉಣ್ಣುತ್ತೇವೆ. ಬಹಳ ಮನೆಯವರು ಆಯಾ ವರ್ಷ ಕೈಗೆ ಸಿಕ್ಕ ಐದು ಕಲ್ಲು ಇಡುತ್ತಾರೆ. ನಮ್ಮವು ಹಾಗಲ್ಲ. ಅಣ್ಣತಮ್ಮಂದಿರು ಬೇರೆಯಾಗಿ ಈ ತುಂಡು ನಮ್ಮ ಪಾಲಿಗೆ ಬಂದ ವರ್ಷ, ನಿಮ್ಮ ಮುತ್ಯಾ ಹಳ್ಳಕ್ಕೆ ಇಳಿದು ಅರ್ಧ ದಿನ ಹುಡುಕಿ ಐದನ್ನು ಆರಿಸಿ ತಂದರು. ಎಲ್ಲಕ್ಕೂ ದೊಡ್ಡದರ ಮಗ್ಗಲಿಗೆ ಒಂದು ಕಚ್ಚು ಇತ್ತು, ಅದು ಭೀಮ. ಎಲ್ಲರೂ ಕಲ್ಲನ್ನು ನೆಲದಲ್ಲಿಟ್ಟು ಮೇಲಷ್ಟೇ ಸುಣ್ಣ ಬಳಿಯುತ್ತಾರೆ. ಅವರು ಒಂದೊಂದನ್ನೇ ತೊಡೆಯ ಮೇಲಿಟ್ಟುಕೊಂಡು, ಕೂಸಿಗೆ ಎಣ್ಣೆ ಹಚ್ಚುವ ಹಾಗೆ ಅಂಗೈಯಿಂದ ಹೊರಳಿಸಿ ಹೊರಳಿಸಿ ತಳಕ್ಕೂ ಹಚ್ಚುವರು. ಕಾಣದ ಕಡೆ ಯಾಕೆ ಎಂದು ನಾನು ಹೊಸದರಲ್ಲಿ ಕೇಳಿದ್ದೆ. ‘ಅಂವ ಕುಂಡ್ರೂ ಜಾಗಾ ಅದು, ಹಸನ ಇರಬೇಕಲ್ಲ’ ಎಂದಿದ್ದರು. ಅವರು ಹೋದ ಮೇಲೆ ನಿಮ್ಮ ಮಾಮ ನಿಂತುಕೊಂಡೇ ಮೇಲೆ ಸುಣ್ಣ ಎರಚಿ ಮುಗಿಸುತ್ತಾನೆ. ತಳದಲ್ಲಿ ಉಳಿದದ್ದು ಅವರ ಕೈಯ ಸುಣ್ಣವೇ.

ಆ ಬೇಸಿಗೆ ಎರಡು ಸಲ ಅಡ್ಡಮಳೆ ಬಿದ್ದು ಮೇಲಿನ ಸುಣ್ಣ ತೊಳೆದುಹೋಗಿತ್ತು. ಕಣಿಕೆಯನ್ನು ದನ ತಿಂದಿದ್ದವು. ಗಿಡದ ಬುಡಕ್ಕೆ ಐದು ಕಲ್ಲು ಬರಿಮೈಯಲ್ಲಿದ್ದವು.

ಮೇಡಂ ನೆರಳು ಹುಡುಕಿ ನೇರ ಅಲ್ಲಿಗೇ ಹೋದಳು. ‘ವಾಹ್! ನೋಡ್ರಿ, ಹ್ಯಾಂಗ ಒಂದಕ್ಕಿಂತ ಒಂದು ಪಸಂದ ಅದಾವ. ಯಾರೋ ಆರಿಸಿ ಇಟ್ಟಂಗ ಅದಲ್ಲ’ ಎಂದಳು. ಹುಮನಾಬಾದಿನಲ್ಲೇ ಹುಟ್ಟಿ ಅಲ್ಲೇ ಸೊಸೆಯಾದವಳು. ವರ್ಷವೂ ಎಳ್ಳಮಾವಾಸ್ಯೆಗೆ ಯಾರದಾದರೂ ಹೊಲಕ್ಕೆ ಹೋಗಿ ಕಾಳು ಕಾಯಿಪಲ್ಯೆಯ ಭಜ್ಜಿ ಉಂಡು ಬರುವವಳು. ಐವತ್ತು ವರ್ಷ ಉಂಡಿದ್ದಾಳೆ, ಎದುರಿಗಿದ್ದ ಪಾಂಡವರನ್ನು ಒಮ್ಮೆಯೂ ನೋಡಿಲ್ಲ. ಅವಳಿಗೆ ಸುಣ್ಣ ಇದ್ದರೆ ದೇವರು, ಸುಣ್ಣ ತೊಳೆದರೆ ಸಾಮಾನು.

ನಾನು ನೀರಿನ ಕೊಡ ಹಿಡಿದು ನಿಂತಿದ್ದೆ. ನೀಲಾ ನನ್ನ ಮುಖ ನೋಡಿದಳು. ‘ಮೇಡಂ, ಅವು–’ ಎಂದೆ.

‘ಭಾರ ಅದಾವ ಅಂತೀರೇನು ಅಜ್ಜಿ? ಡ್ರೈವರ್ ಎತ್ತತಾನ ಬಿಡ್ರಿ.’

ನೀಲಾ ನನಗಿಂತ ಗಟ್ಟಿ. ‘ಮೇಡಂ, ಇವು ನಮ್ಮ–’ ಎಂದಳು. ‘ನಿಮ್ಮ ಹೊಲದ್ದೇ, ಗೊತ್ತದ. ಹೆಮ್ಮಿ ಪಡಬೇಕು ನೀನು’ ಎಂದು ಮೇಡಂ ಅವಳ ಬೆನ್ನು ತಟ್ಟಿದಳು. ಐದು ಕಲ್ಲೂ ಟೆಂಪೋ ಏರಿದವು. ಕೊಡದ ನೀರನ್ನು ನಾನು ಎಲ್ಲರಿಗೂ ಹಂಚಿದೆ. ಮೊದಲ ಲೋಟ ಆಕೆಗೇ ಕೊಟ್ಟೆ.

ಸಂಜೆ ಅವನ್ನು ತೊಳೆಯಲು ನನ್ನ ಬಕೆಟ್ಟಿನ ಮುಂದೆಯೇ ತಂದಿಟ್ಟರು. ಮೇಲ್ಮಗ್ಗಲು ಒದ್ದೆ ಅರಿವೆಯಿಂದ ಒರೆಸಿದೆ. ನೀರು ತಳಕ್ಕೆ ಇಳಿಯದಂತೆ ನೋಡಿಕೊಂಡೆ. ನನ್ನಿಂದಾದದ್ದು ಅಷ್ಟೇ.

ಪ್ರದರ್ಶನದ ದಿನ ಬಸವಕಲ್ಯಾಣದ ಆ ಹಾಲಿನಲ್ಲಿ ನಮ್ಮ ಐವರು ಮೇಜಿನ ಮೇಲೆ ವಾರ್ನಿಶ್ ಬಳಿದುಕೊಂಡು ಮಿರಮಿರ ಮಿಂಚುತ್ತಿದ್ದರು. ಧರ್ಮರಾಯ ಆಮೆ. ಅರ್ಜುನ ಗೂಬೆ. ನಕುಲ ಸಹದೇವರು ಬೆಕ್ಕು ಮತ್ತು ಮೀನು. ಭೀಮ ಪೆಂಗ್ವಿನ್. ಮಕ್ಕಳು ಬರೆದದ್ದರ ಮೇಲೆಲ್ಲ ಆಕೆಯ ಗೆರೆ ಬಿದ್ದಿತ್ತು, ಎಲ್ಲಕ್ಕೂ ಅದೇ ಗುಂಡು ಕಣ್ಣು, ಅದೇ ಬಿಳಿ ಚುಕ್ಕೆ. ಒಂದು ಮಗುವಿನ ಹೆಸರೂ ಎಲ್ಲಿಯೂ ಇರಲಿಲ್ಲ. ಹೊಲದಲ್ಲಿ ಕೆಲಸಕ್ಕೆ ಬಾರದೆ ಬಿದ್ದ ಕಲ್ಲಿಗೆ ಹೇಗೆ ಜೀವ ಕೊಟ್ಟೆ ಎಂದು ಆಕೆ ಮೈಕಿನಲ್ಲಿ ಹೇಳಿದಳು. ಚಪ್ಪಾಳೆ ಬಿತ್ತು. ನಾನೂ ತಟ್ಟಿದೆ. ಎಲ್ಲರೂ ತಟ್ಟುವಾಗ ಕೈ ಕಟ್ಟಿ ಕೂರಲು ನನಗೆ ನಾಚಿಕೆ.

ಆಮೇಲೆ ಆ ಕಲ್ಲುಗಳು ಹುಮನಾಬಾದಿನ ಆಕೆಯ ಮನೆಯ ಮೆಟ್ಟಿಲ ಮೇಲೆ ಹೋಗಿ ಕೂತವು. ನಿಮ್ಮ ಮಾಮನಿಗೆ ಸುದ್ದಿ ತಿಳಿದಾಗ, ‘ಹೋಗಲಿ ಬಿಡವ್ವ, ಹಳ್ಳದಾಗ ಕಲ್ಲಿಗೇನು ಬರಗಾಲ ಬಿದ್ದದೇನು’ ಎಂದ. ಅವನಿಗೆ ಅದು ಕಲ್ಲಿನ ಮಾತು. ನನಗೆ ಹಾಗಿರಲಿಲ್ಲ. ಫೋಟೋದಲ್ಲಿ ನಿಮ್ಮ ಮುತ್ಯಾನ ಮುಖ ಇದೆ, ಅಂಗೈ ಇಲ್ಲ. ಅಂಗೈಯ ಗುರುತು ಉಳಿದದ್ದು ಆ ಐದರ ತಳದಲ್ಲಿ ಮಾತ್ರ.

ಎಳ್ಳಮಾವಾಸ್ಯೆ ಹದಿನೈದು ದಿನ ಇದೆ ಎನ್ನುವಾಗ ಬಸವಕಲ್ಯಾಣದಿಂದ ಒಬ್ಬಳೇ ಬಸ್ಸು ಹತ್ತಿದೆ. ಹುಮನಾಬಾದ್ ಬರುವವರೆಗೂ ಒಂದೇ ವಾಕ್ಯವನ್ನು ಮನಸ್ಸಿನಲ್ಲಿ ತಿದ್ದಿಕೊಂಡೆ. ಆಕೆ ಪೋರ್ಚಿನಲ್ಲೇ ಇದ್ದಳು.

‘ಮೇಡಂ, ಈ ಐದು ಕಲ್ಲು–’

‘ಛಲೋ ಕಾಣ್ತಾವಲ್ಲ? ಬಂದೋರೆಲ್ಲ ಫೋಟೋ ಹೊಡಕೊಂಡು ಹೋಗಾಕತ್ತಾರ ಅಜ್ಜಿ, ಮೊನ್ನೆ–’

‘ಇವು ನಮ್ಮ ಪಾಂಡವ್ರು ರೀ’ ಎಂದೆ. ಜೀವಮಾನದಲ್ಲಿ ಒಬ್ಬರ ಮಾತಿನ ನಡುವೆ ಬಾಯಿ ಹಾಕಿದ್ದು ಅದೊಂದೇ ಸಲ.

ಆಕೆ ಮೆಟ್ಟಿಲ ಕಡೆ ನೋಡಿದಳು. ಈಗಲಾದರೂ ತಿಳಿಯಿತು ಎಂದುಕೊಂಡೆ.

‘ಪಾಂಡವ್ರಿಗೆ ಸುಣ್ಣ ಇರ್ತದಲ್ಲ ಅಜ್ಜಿ?’

‘ಮಳಿಗೆ ಹೋಗಿತ್ರಿ.’

‘ಹಂಗಾದ್ರ ಇನ್ನೂ ಛಲೋ ಆತು.’ ಆಕೆಯ ಮುಖ ಅರಳಿತು. ‘ಕಲಾ ಮತ್ತ ಭಕ್ತಿ ಎರಡೂ ಕೂಡಿದಂಗ ಆತು ನೋಡ್ರಿ. ಅಮಾಸಿ ದಿನ ನಾನೇ ನಮ್ಮ ಗಾಡ್ಯಾಗ ಹೊಲಕ್ಕ ತರ್ತೀನಿ. ನೀವು ಭಜ್ಜಿ ಮಾಡಿ ಇಡ್ರಿ, ಸಜ್ಜಿ ರೊಟ್ಟಿಗೆ ಎಳ್ಳು ಜಾಸ್ತಿ ಹಚ್ರಿ.’

ಕಲ್ಲು ಬೇಡಲು ಹೋದವಳು ಊಟಕ್ಕೆ ಹೇಳಿ ಬಂದೆ.

ಅಮಾವಾಸ್ಯೆಯ ದಿನ ಮಧ್ಯಾಹ್ನ ಆಕೆ ಬಂದಳು, ಜೊತೆಗೆ ಕ್ಯಾಮರಾ ಹಿಡಿದವನೊಬ್ಬ. ನಿಮ್ಮ ಮಾಮ ಸುಣ್ಣ ಕಲಸಿ ಇಟ್ಟಿದ್ದ. ಸುಣ್ಣ ಬೇಡ, ವಾರ್ನಿಶ್ ಮಾಸುತ್ತದೆ ಎಂದು ತಡೆದು ಕಲ್ಲುಗಳನ್ನು ತಾನೇ ಕೊಂಪಿಯೊಳಗೆ ಜೋಡಿಸಿದಳು, ಕ್ಯಾಮರಾಕ್ಕೆ ಮುಖ ಕಾಣುವ ಹಾಗೆ. ವರ್ಷವೂ ನಮ್ಮ ಹೊಲಕ್ಕೆ ಬರುವ ನನ್ನ ಮೈದುನ ಬಗ್ಗಿ ನೋಡಿದ. ಭೀಮನ ಮಗ್ಗಲ ಕಚ್ಚಿನಿಂದ ಗುರುತು ಹಿಡಿದ.

‘ವೈನಿ, ಭೀಮಣ್ಣ ಕರಿ ಕೋಟು ಹಾಕ್ಕೊಂಡು ಯಾರ ಲಗ್ನಕ್ಕ ಹೊಂಟಾನ್ರಿ?’

ಎಲ್ಲರೂ ನಕ್ಕರು. ಮೇಡಂ ಎಲ್ಲರಿಗಿಂತ ಜೋರಾಗಿ ನಕ್ಕಳು. ನಾನು ಪೆಂಗ್ವಿನ್ನಿನ ಹಣೆಗೆ ಕುಂಕುಮ ಇಟ್ಟೆ. ಹಣೆ ಎಲ್ಲಿ ಎಂದು ತಿಳಿಯದೆ ಕಣ್ಣಿನ ಮೇಲೆ ಬಿತ್ತು. ‘ಕಣ್ಣು ಮುಚ್ಚಿತು ಅಜ್ಜಿ, ಫೋಟೋದಾಗ ಬರಂಗಿಲ್ಲ’ ಎಂದು ಆಕೆ ಕರವಸ್ತ್ರ ತೆಗೆದು ಆ ಕುಂಕುಮವನ್ನು ಒರೆಸಿಬಿಟ್ಟಳು. ದೇವರಿಗೆ ಇಟ್ಟ ಕುಂಕುಮ. ನಮ್ಮಲ್ಲಿ ಸಣ್ಣ ಕೂಸೂ ಅದಕ್ಕೆ ಕೈ ಹಚ್ಚುವುದಿಲ್ಲ. ಹಾಗೆ ಒರೆಸಿದ ಕೈಯಲ್ಲೇ ಭಜ್ಜಿ ಉಂಡಳು, ಮೂರು ಸಜ್ಜೆ ರೊಟ್ಟಿ, ಎರಡು ಲೋಟ ಅಂಬಲಿ. ಹಳ್ಳಿಯ ಜನರ ಮುಗ್ಧತೆಯ ಬಗ್ಗೆ ಕ್ಯಾಮರಾದವನಿಗೆ ಹೇಳಿದಳು. ಉಂಡ ಮೇಲೆ, ಪೂಜೆ ಮುಗಿಯಿತಲ್ಲ ಎಂದು ಐದನ್ನೂ ಹೊರಿಸಿಕೊಂಡು ಗಾಡಿಯ ಡಿಕ್ಕಿಗೆ ಹಾಕಿಸಿದಳು. ಮಾಮ ಎದ್ದು ನಿಂತ. ನಾನೇ ಸೆರಗಿನೊಳಗಿಂದ ಬೇಡ ಎಂದು ಕೈ ಮಾಡಿದೆ. ಬಂದವರು ಉಂಡು ಹೋಗುವ ಹೊತ್ತಿನಲ್ಲಿ ಜಗಳ ಬೇಡ ಅನ್ನಿಸಿತು. ಹಾಗೆ ಅನ್ನಿಸಿದ್ದಕ್ಕೆ ಆಕೆಯನ್ನು ಬೈದ ಹಾಗೆಯೇ ನನ್ನನ್ನೂ ಬೈದುಕೊಂಡಿದ್ದೇನೆ.

ಮುಂದಿನ ವರ್ಷ ಬೇರೆ ಐದು ಕಲ್ಲಿಟ್ಟು ಪೂಜೆ ಮಾಡಿದೆವು. ನನ್ನ ಬಾಯಿಗೆ ಕಡಬು ಹತ್ತಲಿಲ್ಲ.

ಈ ವರ್ಷ ದಸರೆಯ ಆಸುಪಾಸು ಆಕೆ ಎದೆನೋವಿನಿಂದ ಹೋದಳು. ಮನೆಯವರನ್ನು ಮಾತಾಡಿಸಿ ಬರಲು ನಿಮ್ಮ ಅವ್ವನ ಜೊತೆ ಹೋಗಿದ್ದೆ. ಮೆಟ್ಟಿಲ ಮೇಲೆ ಕಲ್ಲಿರಲಿಲ್ಲ. ಅಲ್ಲಿ ಈಗ ಪ್ಲಾಸ್ಟಿಕ್ ಹೂವಿನ ಕುಂಡಗಳಿದ್ದವು. ಹೊರಡುವಾಗ ಆಕೆಯ ಸೊಸೆ ಮೆಲ್ಲಗೆ ಕೇಳಿದಳು: ‘ಹಿತ್ತಲದಾಗ ಬಣ್ಣದ ಕಲ್ಲು ರಾಶಿ ಬಿದ್ದಾವ್ರಿ, ನಿಮ್ಮ ಹುಡುಗ್ರವೂ ಇರಬೇಕು. ಒಯ್ತೀರೇನು? ಇಲ್ಲಾಂದ್ರ ಹೊಸಾ ಖೋಲಿ ಪಾಯಕ್ಕ ಹಾಕಸ್ತಾರ ನಮ್ಮ ಯಜಮಾನ್ರು.’

ನೀರಿನ ಟಾಕಿಯ ಹಿಂದೆ ಹೋಗಿ ನೋಡಿದೆ. ಎಲ್ಲ ವರ್ಷದ ಎಲ್ಲ ಮಕ್ಕಳ ಕಲ್ಲು ಅಲ್ಲಿತ್ತು. ನೆನಪಿದೆಯೇ, ನಿಮ್ಮಿಂದ ಅವನ್ನು ತೆಗೆದುಕೊಳ್ಳುವಾಗ ಗಾಜಿನ ಕಪಾಟಿನಲ್ಲಿ ಹೆಸರು ಬರೆದು ಇಡುತ್ತೇನೆ ಎಂದಿದ್ದಳು. ಆಮೆಗಳ ಬೆನ್ನ ಮೇಲೆ ಪಾಚಿ ಕಟ್ಟಿತ್ತು. ಮೀನುಗಳ ಮೇಲೆ ಹಳೆಯ ನಲ್ಲಿಯ ಪೈಪು. ನೀಲಾ, ನಿನ್ನ ಆಡನ್ನು ಬಹಳ ಹುಡುಕಿದೆ, ಸಿಗಲಿಲ್ಲ. ಗೌರಿಯ ಒಂದು ಆಮೆ ಸಿಕ್ಕಿತು, ಹೊಟ್ಟೆಗೆ ಅರ್ಧ ಬಣ್ಣ ಇರುವುದು. ನಮ್ಮ ಐವರೂ ಸಿಕ್ಕರು. ಆಟೋದಲ್ಲಿ ಹಾಕಿಕೊಂಡು, ಅಲ್ಲಿಂದ ಬಸ್ಸಿಗೆ ಏರಿಸಿ ಬಸವಕಲ್ಯಾಣಕ್ಕೆ ತಂದೆ. ಚೀಲದಲ್ಲಿ ಏನ್ರಿ ಎಂದ ಕಂಡಕ್ಟರನಿಗೆ, ‘ಮನಿ ಮಂದಿ’ ಎಂದೆ.

ಬಣ್ಣ ತೆಗೆಯಲು ಒಂದು ತಿಂಗಳು ಹೆಣಗಿದೆ. ಸೀಮೆಎಣ್ಣೆ ಹಚ್ಚಿದೆ, ಬೂದಿ ಹಾಕಿ ತೆಂಗಿನ ನಾರಿನಿಂದ ತಿಕ್ಕಿದೆ, ಇಟ್ಟಿಗೆಯ ಪುಡಿಯಿಂದ ಉಜ್ಜಿದೆ. ಅಲ್ಲಲ್ಲಿ ಚಕ್ಕೆ ಎದ್ದಿತು, ಅಷ್ಟೇ. ಆ ಕಣ್ಣುಗಳಂತೂ ಜಗ್ಗಲಿಲ್ಲ. ಮೇಲೆ ಸುಣ್ಣ ಬಳಿದು ನೋಡಿದೆ. ಒಣಗಿದ ಕೂಡಲೇ ವಾರ್ನಿಶ್ ಮೇಲಿಂದ ಹಪ್ಪಳದ ಹಾಗೆ ಕಳಚಿ ಬಿತ್ತು. ಸುಣ್ಣದ ಸಂದಿಯಿಂದ ಪೆಂಗ್ವಿನ್ ನನ್ನನ್ನೇ ನೋಡುತ್ತಿತ್ತು.

ಮೊನ್ನೆ ಎಳ್ಳಮಾವಾಸ್ಯೆಗೆ ನಿಮಗೆ ಪರೀಕ್ಷೆ ಇತ್ತು, ಬರಲಿಲ್ಲ. ಅದಕ್ಕೇ ಏನು ಮಾಡಿದೆ ಎಂದು ಬರೆಯುತ್ತಿದ್ದೇನೆ. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಹೊಲಕ್ಕೆ ಹೋಗಿ ಕೊಂಪಿಯೊಳಗೆ ಕೂತೆ. ಭೀಮನನ್ನು ತೊಡೆಯ ಮೇಲೆ ಹೊರಳಿಸಿದೆ. ಕಾಣದ ಕಡೆ ಬಣ್ಣ ಹಾಳು ಮಾಡುವವಳಲ್ಲ ನಮ್ಮ ಮೇಡಂ. ತಳಕ್ಕೆ ಒಂದು ಹನಿಯೂ ಬಿದ್ದಿರಲಿಲ್ಲ. ಕಲ್ಲಿನ ಸಣ್ಣ ಸಣ್ಣ ಕುಳಿಗಳಲ್ಲಿ ಹಳೆಯ ಸುಣ್ಣ ಹಾಗೆಯೇ ಕೂತಿತ್ತು, ಅಂಗೈ ಒತ್ತಿ ತಿರುವಿದ ಕಡೆ ತಿರುವಿದ ಹಾಗೆ. ಅದರ ಮೇಲೆ ನನ್ನ ಕೈ ಇಟ್ಟು ಸ್ವಲ್ಪ ಹೊತ್ತು ಕೂತೆ.

ಆಮೇಲೆ ನೆಲದಲ್ಲಿ ಐದು ಕುಣಿ ತೋಡಿ, ಐದನ್ನೂ ಬೋರಲು ಹಾಕಿದೆ. ಬಣ್ಣದ ಮುಖ ಮಣ್ಣಿಗೆ, ತಳ ಆಕಾಶಕ್ಕೆ. ಹಳೆಯ ಸುಣ್ಣದ ಮೇಲೆ ಹೊಸ ಸುಣ್ಣವನ್ನು ಅಂಗೈಯಿಂದಲೇ ಹಚ್ಚಿದೆ, ಚೆನ್ನಾಗಿ ಹಿಡಿಯಿತು. ಕುಂಕುಮ ಇಟ್ಟೆ. ಮೈದುನ ಬಂದು ನೋಡಿ, ‘ವೈನಿ, ಭೀಮಣ್ಣ ಲಗ್ನ ಮುಗಿಸ್ಕೊಂಡು ಬಂದ್ನೇನ್ರಿ’ ಎಂದ. ಬಂದ ಎಂದೆ.

ಪುಸ್ತಕಕ್ಕೆ ನನ್ನ ಒಂದೂವರೆ ಮಾತು ಬೇಕಿದ್ದರೆ ಕೊಡಿ, ಇಲ್ಲದಿದ್ದರೆ ಬಿಡಿ. ಆದರೆ ಮುಂದಿನ ವರ್ಷ ಹೊಲಕ್ಕೆ ಬಂದಾಗ, ಕೆಳಗೆ ಏನಿದೆ ನೋಡೋಣ ಎಂದು ಆ ಕಲ್ಲುಗಳನ್ನು ಹೊರಳಿಸಬೇಡಿ. ಮೇಡಂ ಎಬ್ಬಿಸಿದ ಐದು ಪ್ರಾಣಿಗಳನ್ನು ಕಷ್ಟಪಟ್ಟು ಮಲಗಿಸಿದ್ದೇನೆ.

ನಿಮ್ಮ ಆಯಿ